ಆ ಥರ್ಮೋಕೋಲ್ ಅಲ್ಲೇ ಯಾಕಿದೆ?

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ನಮ್ಮ ದೋಣಿ ರಿಪೇರಿ ಯಾರ್ಡಿಗೆ ಬಂದ. ಹಾಸನದ ಕಡೆಯವನು, ಇಲ್ಲಿ ಕಂಪ್ಯೂಟರ್ ಕೆಲಸ. 17 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಟ್ರೇಲರ್ ಸಮೇತ ಕೊಂಡಿದ್ದ. ನಾನೂ ಕನ್ನಡದವನು ಅಂತ ಯಾರೋ ಹೇಳಿದ್ದರಂತೆ. ಹಾಗಾಗಿ ಸಂಕೋಚವಿಲ್ಲದೆ ಶುರು ಮಾಡಿದ: "ಸಾರ್, ಮುಂದಿನ ಹಾಸಿಗೆ ಕೆಳಗೆ ಬರೀ ಥರ್ಮೋಕೋಲ್ ತುಂಬಿದ್ದಾರೆ. ಸುಮ್ನೆ ಜಾಗ ವೇಸ್ಟ್. ಎರಡು ಬ್ಲಾಕ್ ತೆಗೆದೆ, ಎರಡು ಸೂಟ್‌ಕೇಸ್ ಆರಾಮಾಗಿ ಹಿಡಿಸ್ತವೆ. ಒಂದು ಬಾಗಿಲು ಕೂರಿಸಿಕೊಡಿ."

ನಾನು ಮಲ್ಪೆಯವನು. ಫೈಬರ್ ಕೆಲಸ ಕಲಿತಿದ್ದು ಅಲ್ಲಿನ ಮೀನುಗಾರಿಕೆ ದೋಣಿಗಳ ಮೇಲೆ. ಈಗ ಅಮೆರಿಕದ ಚೆಸಾಪೀಕ್ ಕೊಲ್ಲಿಯ ದಂಡೆಯಲ್ಲಿ ಸಣ್ಣ ಹಾಯಿದೋಣಿಗಳನ್ನು ರಿಪೇರಿ ಮಾಡುತ್ತೇನೆ. ವರ್ಷಕ್ಕೆ ಐದಾರು ಮಂದಿಯಾದರೂ ಇದೇ ಆಸೆ ಹೊತ್ತು ಬರುತ್ತಾರೆ. ಆಸೆ ತಪ್ಪಲ್ಲ. 17 ಅಡಿಯ ದೋಣಿಯಲ್ಲಿ ಎರಡು ರಾತ್ರಿ ಕಳೆದವರಿಗೆ ಗೊತ್ತು, ಒದ್ದೆ ಜಾಕೆಟ್ ಇಡುವುದಕ್ಕೂ ಜಾಗ ಇರುವುದಿಲ್ಲ. ಅಷ್ಟರಲ್ಲಿ ಕಣ್ಣೆದುರೇ ಒಂದು ದೊಡ್ಡ ಪೆಟ್ಟಿಗೆಯಷ್ಟು ಬಿಳಿ ಬೆಂಡು ಕೂತಿದ್ದರೆ ಹೊಟ್ಟೆ ಉರಿಯುತ್ತದೆ.

ಆದರೆ ಬಾಗಿಲು ಕೂರಿಸುವ ಮೊದಲು ಒಂದು ಲೆಕ್ಕ ಹಾಕೋಣ ಅಂದೆ. ನಮ್ಮೂರಿನ ಹಳೆಯ ಮರದ ದೋಣಿಯಲ್ಲಿ ಈ ತಾಪತ್ರಯ ಇರಲಿಲ್ಲ. ನೀರು ತುಂಬಿದರೂ ಅಂಚಿನ ಮಟ್ಟದಲ್ಲಿ ತೇಲುತ್ತಾ ಇರುತ್ತಿತ್ತು, ಮರ ತಾನೇ ತೇಲುತ್ತದಲ್ಲ. ಫೈಬರ್ ಹಾಗಲ್ಲ. ಅದು ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನೀರು ತುಂಬಿದ ಫೈಬರ್ ದೋಣಿ ನೇರ ತಳಕ್ಕೆ ಹೋಗುತ್ತದೆ. ಅದನ್ನು ತೇಲಿಸಿ ಹಿಡಿಯುವುದೇ ಥರ್ಮೋಕೋಲಿನಂಥ ಫೋಮ್.

ಇಲ್ಲಿ ಒಂದು ಸಮಾಧಾನವೂ ಇದೆ. ಮುಳುಗಿದ ವಸ್ತುವಿನ ಪೂರ್ತಿ ತೂಕವನ್ನು ಫೋಮ್ ಎತ್ತಬೇಕಾಗಿಲ್ಲ. ವಸ್ತು ತಾನು ಸರಿಸಿದ ನೀರಿನಷ್ಟು ತೂಕ ಕಳೆದುಕೊಳ್ಳುತ್ತದೆ. ಫೈಬರ್‌ಗೆ ನೀರಿನಡಿ ಉಳಿಯುವುದು ಮೂರರಲ್ಲಿ ಒಂದು ಪಾಲು ಮಾತ್ರ. ಅಲ್ಯೂಮಿನಿಯಂಗೆ ಶೇಕಡಾ 63, ಕಬ್ಬಿಣಕ್ಕೆ 88ರ ಹತ್ತಿರ. ಸೀಸಕ್ಕೆ ಇನ್ನೂ ಜಾಸ್ತಿ, 91.

ಹುಡುಗನ ದೋಣಿಯ ಲೆಕ್ಕ ಹೀಗೆ ಬಂತು. ಫೈಬರ್ 300 ಕೆ.ಜಿ., ನೀರಿನಡಿ ಅದು 100. ನಡುವೆ ನೀರಿಗೆ ಇಳಿಬಿಡುವ ಕಬ್ಬಿಣದ ಹಲಗೆ, ಅಂದರೆ ಕೀಲ್, 100 ಕೆ.ಜಿ., ಅದು 88. ಅಲ್ಯೂಮಿನಿಯಂ ಕಂಬ ಮತ್ತು ಅಡ್ಡಕೋಲು 25 ಕೆ.ಜಿ., ಅದು 16. ಎಂಜಿನ್ನಿಗೆ 25, ಲಂಗರು, ಸರಪಳಿ, ಬ್ಯಾಟರಿ ಎಲ್ಲ ಸೇರಿ 34 ಅಂತ ಹಿಡಿದೆವು. ಒಟ್ಟು 263 ಕೆ.ಜಿ. ಒಂದು ಲೀಟರ್ ಜಾಗದ ಫೋಮ್ ಸುಮಾರು ಒಂದು ಕೆ.ಜಿ. ಎತ್ತುತ್ತದೆ. ಅಂದರೆ ಹತ್ತಿರ ಹತ್ತಿರ 270 ಲೀಟರ್ ಫೋಮ್ ಇದ್ದರೆ ದೋಣಿ ತಳ ಸೇರದೆ ಹೇಗೋ ನೀರಿನ ಮಟ್ಟದಲ್ಲಿ ನಿಲ್ಲುತ್ತದೆ. ಅದರ ಮೇಲೆ ಒಬ್ಬ ಮನುಷ್ಯ ಹತ್ತಿ ಕೂತರೆ ಮುಗಿಯಿತು. ಹಾಗಾಗಿ ನಾನು ಯಾವಾಗಲೂ ಒಂದೂವರೆ ಪಟ್ಟು ಇಡುತ್ತೇನೆ. ಈ ದೋಣಿಗೆ ಅದು 400 ಲೀಟರ್.

ಟೇಪು ಹಿಡಿದು ಅಳೆದೆವು. ಮೊದಲು ಇದ್ದದ್ದು 420 ಲೀಟರ್. ಅವನು ತೆಗೆದ ಎರಡು ಬ್ಲಾಕ್ ತಲಾ 75 ಲೀಟರ್. ಉಳಿದದ್ದು 270. ದೋಣಿ ಕಟ್ಟಿದವರು ಸುಮ್ನೆ ತುಂಬಿರಲಿಲ್ಲ, ಅಲ್ವಾ? ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ತೇಲುವ ಫೋಮ್ ಇರಲೇಬೇಕೆಂಬ ಕಾನೂನು ಇದೆ. ಹಾಯಿದೋಣಿಗಳನ್ನು ಆ ಕಾನೂನಿನಿಂದ ಹೊರಗಿಟ್ಟಿದ್ದಾರೆ. ಕಾನೂನು ಕೇಳದಿದ್ದರೂ ಯಾರೋ ಪುಣ್ಯಾತ್ಮ ಇಟ್ಟಿದ್ದಾನೆ ಅಂದರೆ ಅದಕ್ಕೆ ಕಾರಣ ಇರುತ್ತದೆ.

ಲೀಟರ್ ಲೆಕ್ಕ ಅರ್ಧ ಪಾಠ ಅಷ್ಟೇ. ಫೋಮ್ ಎಲ್ಲಿದೆ ಅನ್ನುವುದು ಅದಕ್ಕಿಂತ ದೊಡ್ಡದು. ಬಾವಿಯಲ್ಲಿ ಈಜು ಕಲಿಯುವಾಗ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟುತ್ತಿದ್ದರು. ಅದೇ ಬುರುಡೆಯನ್ನು ಕಾಲಿಗೆ ಕಟ್ಟಿ ನೋಡಿ! ಬುರುಡೆ ತೇಲುತ್ತದೆ, ಕಾಲು ಮೇಲೆ, ತಲೆ ಕೆಳಗೆ. ದೋಣಿಗೂ ಅಷ್ಟೇ. ಎಲ್ಲ ಫೋಮನ್ನೂ ನೆಲಹಾಸಿನ ಕೆಳಗೆ ತುಂಬಿದರೆ, ನೀರು ಹೊಕ್ಕ ದೋಣಿ ಮಗುಚಿಕೊಂಡು ಬೆನ್ನು ಮೇಲೆ ಮಾಡಿ ತೇಲುತ್ತದೆ. ಫೋಮ್ ಇರಬೇಕಾದದ್ದು ಮೇಲೆ, ಎರಡೂ ಪಕ್ಕಕ್ಕೆ, ಅಂಚಿನ ಹತ್ತಿರ. ಮುಂದೆ ಮತ್ತು ಹಿಂದೆ ಪಾಲು ಸರಿಯಾಗಿರಬೇಕು. ತಳದಲ್ಲಿ ಭಾರ, ಮೇಲೆ ಬೆಂಡು. ಆಗ ಮಾತ್ರ ದೋಣಿ ನೆಟ್ಟಗೆ ನಿಲ್ಲುತ್ತದೆ, ನೀರು ಮೊಗೆದು ಹೊರಹಾಕಲು ಒಳಗೆ ಕೂರಬಹುದು.

ಹುಡುಗನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಬಾಯಿಮಾತಿಗಿಂತ ನೀರೇ ಹೇಳಲಿ ಅಂದುಕೊಂಡು ಶನಿವಾರ ದೋಣಿಯನ್ನು ಎದೆಮಟ್ಟದ ನೀರಿಗೆ ಇಳಿಸಿದೆವು. ಎಂಜಿನ್, ಬ್ಯಾಟರಿ ಬಿಚ್ಚಿ ಅಷ್ಟೇ ತೂಕದ ಹಳೆ ಕಬ್ಬಿಣ ಕಟ್ಟಿದೆವು. ನಾಲ್ಕೂ ಕಡೆ ಹಗ್ಗ. ಆಮೇಲೆ ಪಂಪು ಹಚ್ಚಿ ಒಳಗೆ ನೀರು ತುಂಬಿಸಿದೆವು. ಇದನ್ನು ನಾನು ಪ್ರತಿ ಗಿರಾಕಿಗೂ ಮಾಡಿಸುತ್ತೇನೆ, ಅರ್ಧ ದಿನದ ಕೂಲಿ ಹೋದರೂ ಪರವಾಗಿಲ್ಲ. ಅರ್ಧ ತುಂಬುವವರೆಗೂ ಏನೂ ಆಗಲಿಲ್ಲ, ಹುಡುಗ ನಗುತ್ತಿದ್ದ. ಮುಕ್ಕಾಲಿಗೆ ಬಂದಾಗ ಒಳಗಿನ ನೀರೆಲ್ಲ ಮುಂದಕ್ಕೆ ಓಡಿತು. ಮೂತಿ ಅದುಮಿದ ಹಾಗೆ ಕೆಳಗೆ ಹೋಗಿ ಕೆಸರಿಗೆ ತಾಗಿತು. ಹಿಂಬದಿ ಚುಕ್ಕಾಣಿ ಸಮೇತ ಗಾಳಿಯಲ್ಲಿ. ತೆಗೆದ ಎರಡೂ ಬ್ಲಾಕ್ ಮುಂದಿನವು, ಹಾಗಾಗಿ ಆ ಕಡೆ ಎತ್ತುವವರು ಯಾರೂ ಇರಲಿಲ್ಲ. ಹಗ್ಗ ಎಳೆದು, ನೀರು ಮೊಗೆದು ಹಾಕಿ, ಮತ್ತೆ ನೆಟ್ಟಗೆ ಮಾಡುವಷ್ಟರಲ್ಲಿ ಮಧ್ಯಾಹ್ನ ಊಟದ ಹೊತ್ತು ಮೀರಿತ್ತು.

ಊಟವಾದ ಮೇಲೆ ಹುಡುಗ ಕೇಳಿದ್ದು ಒಳ್ಳೆಯ ಪ್ರಶ್ನೆ. "ಸಾರ್, ಹಾಗಾದ್ರೆ ಜಾಗ ಬೇಕು ಅಂದ್ರೆ ಏನು ಮಾಡೋದು?"

ದೋಣಿಯಲ್ಲಿ ಎರಡು ಥರದ ಜಾಗ ಇರುತ್ತದೆ. ಕೈಗೆ ಸಿಗುವ ಜಾಗ, ಕೈಗೆ ಸಿಗದ ಜಾಗ. ಫೋಮ್‌ಗೆ ಕೈ ಬೇಕಿಲ್ಲ. ಮೂತಿಯ ತುತ್ತತುದಿಯಲ್ಲಿ, ಲಂಗರಿನ ಗೂಡಿಗಿಂತ ಮುಂದೆ, 40 ಲೀಟರ್‌ನಷ್ಟು ಸಂದಿ ಖಾಲಿ ಇತ್ತು. ಅಲ್ಲಿ ಚೀಲ ಇಟ್ಟರೆ ಮತ್ತೆ ಸಿಗುವುದಿಲ್ಲ. ಪಕ್ಕದ ಡೆಕ್ಕಿನ ಅಡಿಯಲ್ಲಿ ಎರಡೂ ಕಡೆ ಉದ್ದುದ್ದ ಸಂದಿ, ಸೇರಿಸಿ 50 ಲೀಟರ್. ಹಿಂಬದಿಯಲ್ಲಿ ಕೂತು ದೋಣಿ ನಡೆಸುವ ಜಾಗ, ಅಂದರೆ ಕಾಕ್‌ಪಿಟ್, ಅದರ ಸೀಟಿನ ಕೆಳಗೆ ಮೇಲ್ಭಾಗದಲ್ಲಿ ಇನ್ನೊಂದು 40. ಅವನ ಹಳೆಯ ಬ್ಲಾಕುಗಳನ್ನೇ ಗರಗಸದಲ್ಲಿ ಕೊಯ್ದು ಅಲ್ಲೆಲ್ಲ ಕೂರಿಸಿ, ಮೇಲೆ ಪಟ್ಟಿ ಹಾಕಿ ಬಿಗಿದೆವು. ಈ ಬಿಗಿಯುವುದನ್ನು ಜನ ಮರೆಯುತ್ತಾರೆ. ಕಟ್ಟದ ಫೋಮ್ ನೀರು ಬಂದ ತಕ್ಷಣ ದೋಣಿಯನ್ನು ಬಿಟ್ಟು ತಾನೊಂದೇ ತೇಲಿ ಹೋಗುತ್ತದೆ. ಹೀಗೆ ಹಾಸಿಗೆ ಕೆಳಗಿನ 150 ಲೀಟರ್ ಖಾಲಿಯಾಯಿತು, ಫೋಮ್ ಮಾತ್ರ ಮತ್ತೆ 400 ಲೀಟರ್ ಆಯಿತು. ಮೊದಲಿನ 420ಕ್ಕಿಂತ ಸ್ವಲ್ಪ ಕಡಿಮೆ, ಆದರೆ ಮೊದಲಿಗಿಂತ ಎತ್ತರದಲ್ಲಿ. ಎರಡನೇ ಸಲ ನೀರು ತುಂಬಿಸಿದಾಗ ಮೂತಿ ನಾಲ್ಕು ಬೆರಳು ತಗ್ಗಿತು, ಆದರೆ ಅಂಚು ನೀರಿನ ಮೇಲೇ ನಿಂತಿತು.

ಹೊಸ ಫೋಮ್ ಹಾಕುವವರಿಗೆ ಎರಡು ಮಾತು. ಬಿಳಿ ಥರ್ಮೋಕೋಲ್ ಅಗ್ಗ, ಆದರೆ ಪೆಟ್ರೋಲ್ ತಾಗಿದರೆ ಕರಗುತ್ತದೆ. ಪಾಲಿಯೆಸ್ಟರ್ ರೆಸಿನ್ ತಾಗಿದರೂ ಅದೇ ಕಥೆ, ಬೆಲ್ಲಕ್ಕೆ ಬಿಸಿನೀರು ಸುರಿದ ಹಾಗೆ. ಮೇಲೆ ಫೈಬರ್ ಹೊದಿಸುವುದಾದರೆ ಎಪಾಕ್ಸಿಯನ್ನೇ ಬಳಸಿ. ಕಟ್ಟಡಗಳಿಗೆ ಬಳಸುವ ನೀಲಿ ಅಥವಾ ಗುಲಾಬಿ ಗಟ್ಟಿ ಹಲಗೆ ನನಗೆ ಹೆಚ್ಚು ಇಷ್ಟ. ನೀರು ಕುಡಿಯುವುದು ಕಡಿಮೆ, ಕೊಯ್ಯುವುದು ಸುಲಭ. ಹಾರ್ಡ್‌ವೇರ್ ಅಂಗಡಿಯ ಡಬ್ಬಿಯಿಂದ ಬುಸ್ಸೆಂದು ಬರುವ ಸ್ಪ್ರೇ ಫೋಮ್ ಇದೆಯಲ್ಲ, ಅದು ಬಾಗಿಲ ಚೌಕಟ್ಟಿನ ಸಂದಿಗೆ. ದೋಣಿಗೆ ಬೇಡ, ಸ್ಪಂಜಿನ ಹಾಗೆ ನೀರು ಹೀರುತ್ತದೆ.

ಎರಡು ದ್ರವ ಬೆರೆಸಿ ಸುರಿಯುವ ಯುರೆಥೇನ್ ಫೋಮ್ ಪೆಟ್ರೋಲಿಗೆ ಜಗ್ಗುವುದಿಲ್ಲ, ಮೂಲೆಮೂಲೆಗೂ ಹೋಗುತ್ತದೆ. ಆದರೆ ಅದಕ್ಕೆ ನನ್ನ ಕೈಯೇ ಒಮ್ಮೆ ಸುಟ್ಟಿದೆ. ಲೀಟರಿಗೆ ಸುಮಾರು ಮೂವತ್ತು ಪಟ್ಟು ಉಬ್ಬುತ್ತದೆ. ಹೊಸದರಲ್ಲಿ ಆತುರಕ್ಕೆ ಬಿದ್ದು ಒಂದೇ ಸಲ ಸುರಿದುಬಿಟ್ಟೆ. ಹತ್ತು ನಿಮಿಷದಲ್ಲಿ ಗಿರಾಕಿಯ ಕಾಕ್‌ಪಿಟ್ ಸೀಟು ಪೂರಿ ಥರ ಉಬ್ಬಿ ಬಿರುಕು ಬಿಟ್ಟಿತು. ರಿಪೇರಿ ನನ್ನ ಖರ್ಚು. ಈಗ ಸ್ವಲ್ಪ ಸ್ವಲ್ಪವೇ ಸುರಿಯುತ್ತೇನೆ, ಗಾಳಿ ಹೋಗಲು ತೂತು ಬಿಡುತ್ತೇನೆ, ಮುಖಕ್ಕೆ ಸರಿಯಾದ ಮಾಸ್ಕ್ ಹಾಕುತ್ತೇನೆ. ಅದರ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಇನ್ನು ಕೆಲವು ದೋಣಿಗಳಲ್ಲಿ ಫೋಮ್ ಮುಟ್ಟಲೇಬಾರದು. ಇಲ್ಲಿ ಮನೆಮನೆಗೂ ಇರುವ ಸನ್‌ಫಿಶ್ ನೋಡಿ. 14 ಅಡಿಗೆ ಸ್ವಲ್ಪ ಕಡಿಮೆ, 60 ಕೆ.ಜಿ.ಯ ಆಸುಪಾಸು. ಒಳಗಿನ ಬ್ಲಾಕುಗಳು ತೇಲಿಸುವುದಷ್ಟೇ ಅಲ್ಲ, ಡೆಕ್ಕನ್ನೂ ತಳವನ್ನೂ ಹಿಡಿದು ನಿಲ್ಲಿಸಿರುತ್ತವೆ. ಬ್ಲಾಕ್ ಸಡಿಲವಾದರೆ ತಳ ಎಣ್ಣೆ ಡಬ್ಬದ ತಗಡಿನ ಹಾಗೆ ಲೊಟಕ್ ಲೊಟಕ್ ಅನ್ನುತ್ತದೆ. ಅಂಥ ದೋಣಿಗೆ ನಾನು ಮಾಡುವುದು ಇಷ್ಟೇ: ಡೆಕ್ಕಿನಲ್ಲಿ ಫೋಮ್ ಇಲ್ಲದ ಕಡೆ ತಿರುಪು ಮುಚ್ಚಳದ ಒಂದು ದುಂಡು ಕಿಂಡಿ, ಅದರೊಳಗೆ ನೇತಾಡುವ ಒಂದು ಬಟ್ಟೆ ಚೀಲ. ಫೋನು, ಕಾರಿನ ಕೀಲಿ, ಎರಡು ಬಾಳೆಹಣ್ಣು ಹಿಡಿಸುತ್ತದೆ. ಒಳಗೆ ತೇವ ಸೇರಿದ್ದರೆ ಅದೇ ಕಿಂಡಿಯಿಂದ ಗಾಳಿ ಹಾಯಿಸಿ ಒಣಗಿಸಬಹುದು. ಅದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು.

ಜಾಗ ಸಿಕ್ಕ ಮೇಲೆ ಏನಿಡಬೇಕು ಅನ್ನುವುದೂ ಲೆಕ್ಕವೇ. ಮೂತಿಯ ಕಡೆ ಭಾರ ಬೇಡ, ದೋಣಿ ಅಲೆಯೊಳಕ್ಕೆ ಮೂಗು ತೂರುತ್ತದೆ. ಹುಡುಗನಿಗೆ ಅಲ್ಲಿ ಬಟ್ಟೆ, ಹಾಸಿಗೆ ಮಾತ್ರ ಇಡು ಅಂದೆ, ಅದೂ ನೀರು ಹೋಗದ ಚೀಲದಲ್ಲಿ, ಕಟ್ಟಿ. ಅಂಥ ಚೀಲವೂ ಒಂದು ಬೆಂಡೇ. ಕುಡಿಯುವ ನೀರಿನ ಕ್ಯಾನು ನಡುವೆ, ತಳದಲ್ಲಿ. ಇದು ಕೇಳಿದವರಿಗೆ ವಿಚಿತ್ರ ಅನಿಸುತ್ತದೆ, ಆದರೆ 20 ಲೀಟರ್ ನೀರು ಮುಳುಗಿದ ದೋಣಿಗೆ ಭಾರವೇ ಅಲ್ಲ. ನೀರೊಳಗೆ ನೀರಿಗೆ ತೂಕ ಎಲ್ಲಿಂದ ಬರಬೇಕು? ಎರಡನೇ ಬ್ಯಾಟರಿ ತರುತ್ತೇನೆ ಅಂದರೆ ಮಾತ್ರ ಮತ್ತೆ ಫೋಮ್ ಹುಡುಕಬೇಕು.

ಕೊನೆಗೆ ತಕ್ಕಡಿ. ಹಳೆಯ ಫೋಮ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ನೀರು ಕುಡಿದು ಕೂತಿರುತ್ತದೆ. ಇಲ್ಲಿನ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಉಬ್ಬಿ, ಒಳಗಿನ ಗುಳ್ಳೆಗಳನ್ನು ಒಡೆದು, ಮರುವರ್ಷ ಇನ್ನಷ್ಟು ಕುಡಿಯುತ್ತದೆ. ಒಮ್ಮೆ ಒಂದು ದೋಣಿಯಿಂದ ತೆಗೆದ ಚೂರನ್ನು ಹಿಂಡಿದರೆ ಬಟ್ಟೆ ಹಿಂಡಿದಂತೆ ನೀರು ಇಳಿದಿತ್ತು. ಅದಕ್ಕೇ ನಾನು ಪ್ರತಿ ಬ್ಲಾಕಿನ ಒಣ ತೂಕವನ್ನು ಮಾರ್ಕರ್‌ನಲ್ಲಿ ಅದರ ಮೇಲೇ ಬರೆದಿಡುತ್ತೇನೆ. ಹುಡುಗನ ದೋಣಿಯ ಮೂತಿಯ ತುಂಡಿನ ಮೇಲೆ 760 ಗ್ರಾಂ ಅಂತ ಇದೆ. ಈ ವಸಂತದಲ್ಲಿ ಬಂದು ತೂಗಿ ಹೋದ. ಕಾಂಕ್ರೀಟ್ ಗೋಡೆಗೆ ಒರಗಿಸಿದ್ದ ಸೂಟ್‌ಕೇಸ್ ಒಂದೇ ಇತ್ತು. ಇನ್ನೊಂದು ಎಲ್ಲಿ ಅಂದೆ. "ಮನೇಲಿ ಬಿಟ್ಟೆ ಸಾರ್," ಅಂದ, "ಅಷ್ಟೆಲ್ಲ ಬಟ್ಟೆ ಯಾಕೆ?"