ಸ್ಕ್ರೀನ್ ಊದಿಕೊಂಡಾಗ ಅಕ್ಷರದ ಅಂಚು ನೋಡಿ

ಕಂಪ್ಯೂಟರ್ ಸ್ಕ್ರೀನ್ ಇದ್ದಕ್ಕಿದ್ದ ಹಾಗೆ ಊದಿಕೊಂಡಿದೆ. ಐಕಾನ್‌ಗಳು ಎರಡರಷ್ಟು ದೊಡ್ಡದಾಗಿವೆ, ಅರ್ಧ ಸಾಲು ಕಾಣುತ್ತಿಲ್ಲ, ಮೌಸ್ ಆ ಕಡೆ ಒಯ್ದರೆ ಇಡೀ ಚಿತ್ರವೇ ಈ ಕಡೆ ಜಾರುತ್ತದೆ. ಹೀಗಾಗಿದ್ದರೆ ವಿಂಡೋಸ್ ಕೀ ಹಿಡಿದುಕೊಂಡು ಎಸ್ಕೇಪ್ ಒತ್ತಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಸರಿಹೋದವರೂ ಮುಂದೆ ಓದಿ, ಯಾಕಂದ್ರೆ ಒಳಗೆ ನಡೆದದ್ದು ಬಹಳ ಚೆಂದದ ಸಂಗತಿ.

ನನಗೆ ಬೇಜಾರಾಗುವುದು ಈ ಸಣ್ಣ ವಿಷಯಕ್ಕೆ ಜನ ಪಡುವ ಭಯ ನೋಡಿ. ವೈರಸ್ ಬಂತು, ಯಾರೋ ಹ್ಯಾಕ್ ಮಾಡಿದ್ರು, ಡಿಸ್‌ಪ್ಲೇ ಹೋಯ್ತು ಅಂತ ಲ್ಯಾಪ್‌ಟಾಪ್ ಹೊತ್ತುಕೊಂಡು ರಿಪೇರಿ ಅಂಗಡಿಗೆ ಓಡುತ್ತಾರೆ. ಅಲ್ಲಿ ‘ಫಾರ್ಮ್ಯಾಟ್ ಮಾಡ್ಬೇಕು’ ಅಂತ ಹೇಳಿ ಕಳಿಸಿದ್ದನ್ನೂ ನಾನು ನೋಡಿದ್ದೇನೆ. ಇನ್ನು ಕೆಲವರು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಸಿಕ್ಕಿದ ‘ಕಸ್ಟಮರ್ ಕೇರ್’ ನಂಬರಿಗೆ ಫೋನ್ ಮಾಡುತ್ತಾರೆ. ಇದು ನಿಜವಾಗಿಯೂ ಅಪಾಯ. ಆ ಕಡೆಯವರು ಮೋಸಗಾರರಾಗಿದ್ದರೆ ಒಂದು ಆ್ಯಪ್ ಹಾಕಿಸಿಕೊಂಡು ನಿಮ್ಮ ಕಂಪ್ಯೂಟರ್ ಒಳಗೇ ಬಂದು ಕೂರುತ್ತಾರೆ. ಇಲ್ಲದ ವೈರಸ್ಸಿಗೆ ಹೆದರಿ ಇರುವ ಕಳ್ಳನಿಗೆ ಬಾಗಿಲು ತೆಗೆದ ಹಾಗಾಗುತ್ತದೆ.

ಸ್ಕ್ರೀನ್ ಮೇಲೆ ಒಂದು ಅಕ್ಷರ ಕಾಣಿಸುವ ಮೊದಲು ಅದು ಮೂರು ಕೈ ದಾಟಿ ಬರುತ್ತದೆ. ಮೊದಲು ಬ್ರೌಸರೋ ವರ್ಡೋ, ಯಾವುದೋ ಒಂದು ಪ್ರೋಗ್ರಾಂ ಆ ಅಕ್ಷರವನ್ನು ಬರೆಯುತ್ತದೆ. ಎಲ್ಲಾ ಪ್ರೋಗ್ರಾಂಗಳು ಬರೆದಿದ್ದನ್ನು ಸೇರಿಸಿ ವಿಂಡೋಸ್ ಒಂದು ಪೂರ್ತಿ ಚಿತ್ರ ಮಾಡುತ್ತದೆ. ಆ ಚಿತ್ರವನ್ನು ಸ್ಕ್ರೀನ್ ತನ್ನ ಚುಕ್ಕಿಗಳಲ್ಲಿ ತೋರಿಸುತ್ತದೆ. ಈ ಮೂರರಲ್ಲಿ ಎಲ್ಲಿ ಬೇಕಾದರೂ ‘ದೊಡ್ಡದು’ ಮಾಡಬಹುದು. ಎಲ್ಲಿ ದೊಡ್ಡದಾಯಿತು ಅನ್ನುವುದು ಅಕ್ಷರದ ಅಂಚಿನಲ್ಲೇ ಗೊತ್ತಾಗುತ್ತದೆ. ಅಂಚು ಚೂಪಾಗಿದ್ದರೆ ಮೊದಲನೇ ಜಾಗ. ಮಸುಕಾಗಿದ್ದು, ಚಿತ್ರ ಮೌಸ್ ಜೊತೆ ಓಡುತ್ತಿದ್ದರೆ ಎರಡನೇದು. ಮಸುಕಾಗಿದೆ, ಆದರೆ ಚಿತ್ರ ನಿಂತಲ್ಲೇ ನಿಂತಿದೆ, ಟಾಸ್ಕ್‌ಬಾರ್ ಪೂರ್ತಿ ಕಾಣುತ್ತಿದೆ ಅಂದರೆ ಹೆಚ್ಚಾಗಿ ಮೂರನೇದು.

ಚೂಪಾದ ಅಕ್ಷರದಿಂದಲೇ ಶುರು ಮಾಡೋಣ, ಇದರ ಕತೆ ನನಗೆ ತುಂಬಾ ಇಷ್ಟ. ‘ಅಂ’ ಬರೆದಾಗ ಪಕ್ಕದಲ್ಲಿ ಬರುವ ಆ ಸೊನ್ನೆಯನ್ನೇ ನೋಡಿ. ಫಾಂಟ್ ಫೈಲಿನಲ್ಲಿ ಆ ಸೊನ್ನೆ ಚುಕ್ಕಿಗಳ ಗುಂಪಾಗಿ ಇರುವುದಿಲ್ಲ. ಕೆಲವು ಬಿಂದುಗಳು, ಅವುಗಳ ನಡುವೆ ಗೆರೆ ಎಷ್ಟು ಬಾಗಬೇಕು ಅನ್ನುವ ಲೆಕ್ಕ, ಇಷ್ಟೇ ಇರುತ್ತದೆ. ನೀವು ಸೈಜ್ ಹೇಳಿದ ಮೇಲೆ ಕಂಪ್ಯೂಟರ್ ಆ ಲೆಕ್ಕ ಹಿಡಿದು ಸೊನ್ನೆಯನ್ನು ಹೊಸದಾಗಿ ಬರೆಯುತ್ತದೆ. ಸೈಜ್ 12 ಆದರೂ ಅಷ್ಟೇ, 120 ಆದರೂ ಅಷ್ಟೇ. ಅದಕ್ಕೇ ಎಷ್ಟು ದೊಡ್ಡದು ಮಾಡಿದರೂ ಅಂಚು ನುಣುಪಾಗಿರುತ್ತದೆ.

ಈ ಬಾಗುವ ಗೆರೆಯ ಲೆಕ್ಕ ಹುಟ್ಟಿದ್ದು ಫ್ರಾನ್ಸಿನ ಕಾರು ಕಂಪನಿಗಳಲ್ಲಿ. 1959ರ ಹೊತ್ತಿಗೆ ಸಿಟ್ರೋಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ಟೆಲ್‌ಜೋ ಅನ್ನುವ ಗಣಿತಜ್ಞ ಕಾರಿನ ಮೈಯ ಉಬ್ಬು ತಗ್ಗುಗಳನ್ನು ಅಂಕಿಗಳಲ್ಲಿ ಹಿಡಿಯುವ ದಾರಿ ಕಂಡುಕೊಂಡರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. ರೆನೋ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ ಪಿಯರ್ ಬೆಜಿಯೆ ಅದೇ ಬಗೆಯ ಗೆರೆಗಳನ್ನು ಬೇರೆ ದಾರಿಯಿಂದ ಮುಟ್ಟಿ 1960ರ ದಶಕದಲ್ಲಿ ಪ್ರಕಟಿಸಿದರು. ಹಾಗಾಗಿ ಹೆಸರು ಬೆಜಿಯೆಗೆ ಹೋಯಿತು, ಈಗಲೂ ಅವನ್ನು ಬೆಜಿಯೆ ಗೆರೆಗಳು ಅಂತಲೇ ಕರೆಯುತ್ತಾರೆ. 1980ರ ದಶಕದಲ್ಲಿ ಅಡೋಬಿಯವರು ಪ್ರಿಂಟರ್‌ಗಳಿಗಾಗಿ ಅಕ್ಷರಗಳನ್ನು ಇದೇ ಗೆರೆಗಳಲ್ಲಿ ಕೂರಿಸಿದರು. ಆಮೇಲೆ ಆ್ಯಪಲ್‌ನವರು ಇಂಥದೇ ಬಾಗು ಗೆರೆಗಳ ಟ್ರೂಟೈಪ್ ಅನ್ನುವ ಫಾಂಟ್ ಬಗೆ ಮಾಡಿದರು. 1992ರ ವಿಂಡೋಸ್ 3.1ರಲ್ಲಿ ಅದು ವಿಂಡೋಸಿಗೂ ಬಂತು. ಕನ್ನಡದ ಅಕ್ಷರಗಳು ಮುಕ್ಕಾಲು ಪಾಲು ಬರೀ ಬಾಗುಗಳೇ ಅಲ್ವಾ? ಕಾರಿನ ಬಾನೆಟ್ಟಿಗೆ ಅಂತ ಕಂಡುಹಿಡಿದ ಲೆಕ್ಕ ನಮ್ಮ ಸೊನ್ನೆಗೂ ಕೊಂಬಿಗೂ ಇಷ್ಟು ಸರಿಯಾಗಿ ಹೊಂದಿಕೊಂಡಿದೆ ಅನ್ನುವುದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಅಂದರೆ ಅಕ್ಷರ ದೊಡ್ಡದಾಗಿದೆ, ಆದರೆ ಚೂಪಾಗಿದೆ ಅಂತಾದರೆ ಯಾರೋ ಕಂಪ್ಯೂಟರಿಗೆ ‘ದೊಡ್ಡದಾಗಿ ಬರಿ’ ಅಂತ ಹೇಳಿದ್ದಾರೆ, ಅಷ್ಟೇ. ಬರೀ ಬ್ರೌಸರ್ ಒಳಗೆ ಹಾಗಾಗಿದ್ದರೆ ಕಂಟ್ರೋಲ್ ಹಿಡಿದು ಸೊನ್ನೆ ಒತ್ತಿ, 100 ಪರ್ಸೆಂಟಿಗೆ ವಾಪಸ್ ಬರುತ್ತದೆ. ಒಂದೇ ವೆಬ್‌ಸೈಟ್ ದೊಡ್ಡದಾಗಿ, ಉಳಿದವು ಸರಿಯಾಗಿದ್ದರೆ ಅದಕ್ಕೂ ಇದೇ ಮದ್ದು, ಯಾಕಂದ್ರೆ ಕ್ರೋಮ್ ಒಂದೊಂದು ಸೈಟಿನ ಝೂಮನ್ನೂ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಡೆಸ್ಕ್‌ಟಾಪಿನ ಐಕಾನ್‌ಗಳು ಮಾತ್ರ ಊದಿಕೊಂಡಿದ್ದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ, ವ್ಯೂಗೆ ಹೋಗಿ ಮೀಡಿಯಂ ಐಕಾನ್ಸ್ ಆರಿಸಿ. ಎಲ್ಲಾ ಸರಿ ಮಾಡಿದ ಮೇಲೂ ಮೌಸಿನ ಚಕ್ರ ತಿರುಗಿಸಿದಾಗಲೆಲ್ಲ ಪುಟ ಮೇಲೆ ಕೆಳಗೆ ಹೋಗುವ ಬದಲು ಹಿಗ್ಗಿ ಕುಗ್ಗುತ್ತಿದ್ದರೆ, ಕೀಬೋರ್ಡಿನ ಕಂಟ್ರೋಲ್ ಕೀ ಕಸ ಸೇರಿಯೋ ಚಹಾ ಚೆಲ್ಲಿಯೋ ಒತ್ತಿದ ಹಾಗೇ ಸಿಕ್ಕಿಹಾಕಿಕೊಂಡಿರಬಹುದು. ಎರಡೂ ಕಡೆಯ ಕಂಟ್ರೋಲ್ ಕೀಗಳನ್ನು ನಾಲ್ಕಾರು ಸಲ ಒತ್ತಿ ಬಿಡಿ.

ಇಡೀ ವಿಂಡೋಸ್ ದೊಡ್ಡದಾಗಿ, ಚೂಪಾಗಿ ಕಾಣುತ್ತಿದ್ದರೆ ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಲ್ಲಿ ಸ್ಕೇಲ್. ಹೊಸ ಮಾನಿಟರ್ ಜೋಡಿಸಿದಾಗ ಇದು ಬದಲಾಗಿರುವುದುಂಟು. ಅಲ್ಲಿ 100, 125, 150 ಅಂತೆಲ್ಲ ಇರುತ್ತದೆ, ಹಿಂದೆ ಒಂದು ಹಳೇ ಲೆಕ್ಕ ಇದೆ. ಮುದ್ರಣದವರ ಪಾಯಿಂಟ್ ಅಂದರೆ ಇಂಚಿನ 72ನೇ ಒಂದು ಭಾಗ. 1984ರ ಮೊದಲ ಮ್ಯಾಕಿಂತೋಷ್ ಸ್ಕ್ರೀನಿನಲ್ಲಿ ಇಂಚಿಗೆ 72 ಚುಕ್ಕಿ ಇತ್ತು, ಹಾಗಾಗಿ ಒಂದು ಪಾಯಿಂಟಿಗೆ ಸರಿಯಾಗಿ ಒಂದು ಚುಕ್ಕಿ. ಮೈಕ್ರೋಸಾಫ್ಟಿನವರು ಬೇರೆ ರೀತಿ ಯೋಚಿಸಿದರು. ಕೈಯಲ್ಲಿ ಹಿಡಿದ ಕಾಗದಕ್ಕಿಂತ ಸ್ಕ್ರೀನ್ ಸುಮಾರು ಮೂರನೇ ಒಂದು ಪಾಲು ಜಾಸ್ತಿ ದೂರ ಇರುತ್ತದೆ, ಅದಕ್ಕೆ ಅಕ್ಷರವೂ ಅಷ್ಟು ದೊಡ್ಡದಿರಲಿ ಅಂತ 72ಕ್ಕೆ ಮೂರನೇ ಒಂದು ಪಾಲು ಸೇರಿಸಿ 96 ಮಾಡಿದರು. ಇವತ್ತಿಗೂ ವಿಂಡೋಸಿನಲ್ಲಿ 100 ಪರ್ಸೆಂಟ್ ಅಂದರೆ ಇಂಚಿಗೆ 96 ಚುಕ್ಕಿ ಅಂತಲೇ ಲೆಕ್ಕ. ಆದರೆ ಈಗಿನ 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪಿನಲ್ಲಿ ಇಂಚಿಗೆ 141 ಚುಕ್ಕಿ ಇವೆ. ಅದರಲ್ಲಿ 100 ಇಟ್ಟರೆ ಅಕ್ಷರ ಮೂರರಲ್ಲಿ ಎರಡು ಪಾಲಿನಷ್ಟಕ್ಕೆ ಇಳಿಯುತ್ತದೆ, ಅದಕ್ಕೇ ಇಂಥ ಲ್ಯಾಪ್‌ಟಾಪ್‌ಗಳು ಅಂಗಡಿಯಿಂದ ಬರುವಾಗಲೇ ಹೆಚ್ಚಾಗಿ 125 ಅಥವಾ 150ರಲ್ಲಿ ಇರುತ್ತವೆ. ಸ್ಕೇಲ್ ಪಕ್ಕ ‘ರೆಕಮೆಂಡೆಡ್’ ಅಂತ ಬರೆದಿರುವುದನ್ನೇ ಆರಿಸಿ. ಕಣ್ಣಿಗೆ ಇನ್ನೂ ದೊಡ್ಡದು ಬೇಕೆನಿಸಿದರೆ ಸಂಕೋಚವಿಲ್ಲದೆ ಏರಿಸಿಕೊಳ್ಳಿ, ಅದೇನೂ ತಪ್ಪು ಬಳಕೆ ಅಲ್ಲ.

ಈಗ ಮಸುಕಿನ ಕಡೆ ಬರೋಣ. ಮೌಸ್ ಜೊತೆ ಓಡುವ ಚಿತ್ರ ಮ್ಯಾಗ್ನಿಫೈಯರ್‌ನ ಕೆಲಸ. ಇದು ವಿಂಡೋಸ್ 98ರ ಕಾಲದಿಂದಲೂ ಜೊತೆಗೇ ಬರುವ ಭೂತಗನ್ನಡಿ. ಮೊದಲೇ ಹೇಳಿದ ವಿಂಡೋಸ್ ಕೀ, ಎಸ್ಕೇಪ್ ಮುಚ್ಚುವುದು ಇದನ್ನೇ. ಪ್ರೋಗ್ರಾಂಗಳಿಗೆ ಇದು ಚಾಲೂ ಆಗಿದೆ ಅನ್ನುವ ಸುದ್ದಿಯೇ ಇರುವುದಿಲ್ಲ. ಅವು ಅಕ್ಷರವನ್ನು ಮಾಮೂಲಿ ಸೈಜಿನಲ್ಲೇ ಬರೆದು ಕೊಟ್ಟಿರುತ್ತವೆ. ಪೂರ್ತಿಯಾದ ಆ ಚಿತ್ರದಿಂದ ಒಂದು ಚೌಕ ಕತ್ತರಿಸಿ, ಸ್ಕ್ರೀನ್ ತುಂಬುವ ಹಾಗೆ ಹಿಗ್ಗಿಸುವುದಷ್ಟೇ ಮ್ಯಾಗ್ನಿಫೈಯರ್ ಕೆಲಸ. ವಾಟ್ಸ್ಯಾಪಿನಲ್ಲಿ ಬಂದ ಸಣ್ಣ ಫೋಟೋವನ್ನು ಹುಟ್ಟುಹಬ್ಬದ ಫ್ಲೆಕ್ಸಿಗೆ ಹಾಕಿದಾಗ ಮುಖ ಮಸುಕಾಗುತ್ತದಲ್ಲ, ಕಾರಣ ಅದೇ. ಇದ್ದ ಚುಕ್ಕಿಗಳು ಅಷ್ಟೇ, ತುಂಬಬೇಕಾದ ಜಾಗ ಜಾಸ್ತಿ. ನಡುವೆ ಬಿಟ್ಟುಹೋದ ಜಾಗಕ್ಕೆ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ಅಂದಾಜಿನ ಮೇಲೆ ತುಂಬಬೇಕಾಗುತ್ತದೆ.

ಮ್ಯಾಗ್ನಿಫೈಯರ್ ಶುರುವಾದ ಕೂಡಲೇ ಮಾಮೂಲಾಗಿ 200 ಪರ್ಸೆಂಟಿಗೆ ಹಾರುತ್ತದೆ. ಎರಡು ಪಟ್ಟು ತಾನೇ ಅನಿಸಬಹುದು. ಆದರೆ ಅಗಲವೂ ಎರಡು ಪಟ್ಟು, ಎತ್ತರವೂ ಎರಡು ಪಟ್ಟು, ಹಾಗಾಗಿ ಕಣ್ಣಿಗೆ ಕಾಣುವುದು ಮೊದಲಿದ್ದ ಸ್ಕ್ರೀನಿನ ಕಾಲು ಭಾಗ ಮಾತ್ರ. ಗಾಬರಿಯಲ್ಲಿ ಇನ್ನೊಮ್ಮೆ ಒತ್ತಿ 300 ಆದರೆ ಒಂಬತ್ತನೇ ಒಂದು ಭಾಗ. ಇದರ ಮಿತಿ 1600, ಅಲ್ಲಿಗೆ ಹೋದರೆ 256ನೇ ಒಂದು ಭಾಗ, ಒಂದು ಐಕಾನೇ ಸ್ಕ್ರೀನ್ ತುಂಬುತ್ತದೆ. ಸ್ಟಾರ್ಟ್ ಬಟನ್ ಎಲ್ಲಿ ಹೋಯ್ತು ಅಂತ ಜನ ಹುಡುಕಾಡುವುದು ಅದಕ್ಕೇ. ಅದು ಎಲ್ಲೂ ಹೋಗಿಲ್ಲ. ಮೌಸನ್ನು ಕೆಳಗಿನ ಅಂಚಿಗೆ ಒಯ್ದರೆ ಇಡೀ ಚಿತ್ರ ಮೇಲಕ್ಕೆ ಸರಿದು ಟಾಸ್ಕ್‌ಬಾರ್ ಕಾಣಿಸುತ್ತದೆ.

ಸರಿ, ಇದನ್ನು ಯಾರು ಆನ್ ಮಾಡಿದರು? ನಾವೇ, ಗೊತ್ತಿಲ್ಲದೆ. ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್ ಶುರು. ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ಬ್ರೌಸರ್ ಝೂಮ್. ಈ ಎರಡು ಕೀಗಳ ನಡುವೆ ಬೆರಳಗಲದ ದೂರ. ಕನ್ನಡ ಓದುವವರು ಈ ಕಂಟ್ರೋಲ್ ಪ್ಲಸ್ಸನ್ನು ಬಳಸಲು ಒಳ್ಳೇ ಕಾರಣವೂ ಇದೆ. ‘ಪ’ಕ್ಕೂ ‘ಫ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು ಗೆರೆ. ಸಣ್ಣ ಸೈಜಿನಲ್ಲಿ ಆ ಗೆರೆಗೆ ಸಿಗುವುದು ಒಂದೆರಡು ಚುಕ್ಕಿ. ಅದರ ಮೇಲೆ ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬೇಕು. ಹೀಗಾಗಿ ಪತ್ರಿಕೆಯ ವೆಬ್‌ಸೈಟ್ ತೆರೆದ ಕೂಡಲೇ ಕೈ ಪ್ಲಸ್ ಕಡೆ ಹೋಗುತ್ತದೆ, ಹಿಡಿದ ಕೀ ಒಂದು ಪಕ್ಕಕ್ಕೆ ಜಾರಿದರೆ ಸ್ಕ್ರೀನ್ ಊದಿಕೊಳ್ಳುತ್ತದೆ.

ಹಾಗಂತ ಮ್ಯಾಗ್ನಿಫೈಯರನ್ನು ಬೈಯಬೇಡಿ. ಅದು ದೃಷ್ಟಿ ಮಂದ ಇರುವವರಿಗಾಗಿ ಮಾಡಿದ್ದು. ಕನ್ನಡಕ ಹಾಕಿದರೂ, ಆಪರೇಷನ್ ಮಾಡಿಸಿದರೂ ಪೂರ್ತಿ ಸರಿಹೋಗದ ಕಣ್ಣುಗಳಿವೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕುರುಡುತನ ಬೇರೆ, ಮಂದದೃಷ್ಟಿ ಬೇರೆ ಅಂತ ಎರಡನ್ನೂ ಗುರುತಿಸುತ್ತದೆ. ಅಂಥವರಿಗೆ ಇದು ಕೆಲಸ, ಓದು, ಬ್ಯಾಂಕ್ ವ್ಯವಹಾರ ಎಲ್ಲದರ ದಾರಿ. ಮನೆಯಲ್ಲಿ ಅಂಥವರಿದ್ದರೆ ಮ್ಯಾಗ್ನಿಫೈಯರ್ ಸೆಟ್ಟಿಂಗ್ಸಿನಲ್ಲಿ ಒಂದೊಂದು ಸಲ ಏರುವ ಪ್ರಮಾಣವನ್ನು 100ರಿಂದ 25ಕ್ಕೆ ಇಳಿಸಿಡಿ. ಅಕ್ಷರದ ಅಂಚನ್ನು ನಯ ಮಾಡುವ ಆಯ್ಕೆಯೂ ಅಲ್ಲೇ ಇದೆ.

ಮೂರನೇದು ಸ್ಕ್ರೀನಿನ ರೆಸಲ್ಯೂಷನ್, ಅಂದರೆ ಚಿತ್ರದಲ್ಲಿ ಅಡ್ಡಕ್ಕೆ ಉದ್ದಕ್ಕೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ. ಎಲ್ಲವೂ ದಪ್ಪ, ಎಲ್ಲವೂ ಮಸುಕು, ಆದರೆ ಏನೂ ಓಡುತ್ತಿಲ್ಲ. ಹಿಂದಿನ ಪಿಕ್ಚರ್ ಟ್ಯೂಬ್ ಮಾನಿಟರ್‌ಗಳಲ್ಲಿ ರೆಸಲ್ಯೂಷನ್ ಬದಲಿಸಿದರೂ ಇಷ್ಟು ಕೆಡುತ್ತಿರಲಿಲ್ಲ. ಈಗಿನ ಎಲ್‌ಸಿಡಿಯಲ್ಲಿ ಚುಕ್ಕಿಗಳ ಸಂಖ್ಯೆ ಫ್ಯಾಕ್ಟರಿಯಲ್ಲೇ ನಿಗದಿಯಾಗಿರುತ್ತದೆ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920. ಅದಕ್ಕೆ 1366 ಚುಕ್ಕಿಯ ಚಿತ್ರ ಕೊಟ್ಟರೆ ಒಂದೊಂದು ಚುಕ್ಕಿಯೂ ಸುಮಾರು 1.4 ಚುಕ್ಕಿಯಷ್ಟು ಜಾಗ ತುಂಬಬೇಕು, ಅರ್ಧ ಚುಕ್ಕಿ ಅಂತ ಇಲ್ಲವಲ್ಲ, ಹಾಗಾಗಿ ಪಕ್ಕದ್ದರ ಜೊತೆ ಬೆರೆಸಿ ಹಚ್ಚುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸಿನಲ್ಲಿ ರೆಕಮೆಂಡೆಡ್ ರೆಸಲ್ಯೂಷನ್ ಆರಿಸಿದರೆ ಮುಗಿಯಿತು. ಆ ಲಿಸ್ಟಿನಲ್ಲಿ ದೊಡ್ಡ ಅಂಕಿಗಳೇ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತಿದ್ದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಚಿತ್ರ ತೋರಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಕೈಕೊಟ್ಟಿದೆ ಅಂತ ಅರ್ಥ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದಲೇ ಡ್ರೈವರ್ ಹಾಕಿಕೊಳ್ಳಿ.

ಒಂದು ಪ್ರೋಗ್ರಾಂ ಮಾತ್ರ ಮಸುಕಾಗಿ ಕಾಣುತ್ತಿದ್ದರೆ, ಅಂಗಡಿಗಳ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳಲ್ಲಿ ಇದು ಜಾಸ್ತಿ, ಅದಕ್ಕೆ ಸ್ಕೇಲ್ ಅನ್ನುವುದೇ ತಿಳಿಯದು. ವಿಂಡೋಸೇ ಅದರ ಚಿತ್ರವನ್ನು ಹಿಗ್ಗಿಸಿ ತೋರಿಸುತ್ತಿರುತ್ತದೆ. ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದಾಗ ನಾಲ್ಕೂ ಅಂಚು ಕತ್ತರಿಸಿ ಹೋದರೆ ಅದು ಟಿವಿಯ ಓವರ್‌ಸ್ಕ್ಯಾನ್, ಟಿವಿಯ ಪಿಕ್ಚರ್ ಸೈಜ್ ಸೆಟ್ಟಿಂಗಿನಲ್ಲಿ ಸರಿಮಾಡಿ. ಮ್ಯಾಕ್ ಕಂಪ್ಯೂಟರಿನಲ್ಲಿ ಸ್ಕ್ರೀನ್ ಊದಿಕೊಂಡು ಮೌಸ್ ಜೊತೆ ಓಡುತ್ತಿದ್ದರೆ ಆಪ್ಷನ್, ಕಮಾಂಡ್, 8 ಒಟ್ಟಿಗೆ ಒತ್ತಿ.

ಫೋನಿನಲ್ಲೂ ಇದೇ ಭೂತಗನ್ನಡಿ ಇದೆ. ಐಫೋನ್ ಊದಿಕೊಂಡರೆ ಮೂರು ಬೆರಳಿನಿಂದ ಎರಡು ಸಲ ತಟ್ಟಿ. ಆ್ಯಂಡ್ರಾಯ್ಡ್‌ನಲ್ಲಿ ಆಕ್ಸೆಸಿಬಿಲಿಟಿ ಒಳಗಿನ ಮ್ಯಾಗ್ನಿಫಿಕೇಶನ್ ಆಫ್ ಮಾಡಿ, ಅಲ್ಲಿಯವರೆಗೆ ಎರಡು ಬೆರಳಿನಿಂದ ಎಳೆದರೆ ಚಿತ್ರ ಸರಿಯುತ್ತದೆ. ಐಫೋನಿನಲ್ಲಿ ಹೀಗಾದಾಗ ಸ್ಕ್ರೀನ್‌ಶಾಟ್ ತೆಗೆದು ಮಗನಿಗೋ ಅಳಿಯನಿಗೋ ಕಳಿಸಿ ಪ್ರಯೋಜನವಿಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಬರುವುದು ಹಿಗ್ಗಿಸುವ ಮೊದಲಿನ ಚಿತ್ರ, ಅವರಿಗೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ. ಇನ್ನೊಂದು ಫೋನಿನಲ್ಲಿ ಫೋಟೋ ತೆಗೆದು ಕಳಿಸಿ.