ಸೆನ್ಸರಿ ಗಾರ್ಡನ್‌ಗೆ ಯಾವ್ಯಾವ ಗಿಡ ನೆಡಬೇಕು?

ಪ್ರಶ್ನೆ: ನಮ್ಮ ವಿಶೇಷ ಶಾಲೆಯ ಹಿಂದೆ ಐದು ಗುಂಟೆ ಜಾಗ ಖಾಲಿ ಇದೆ. ಬೌದ್ಧಿಕ ವಿಕಲಚೇತನ ಮಕ್ಕಳಿಗಾಗಿ ಅಲ್ಲಿ ಸೆನ್ಸರಿ ಗಾರ್ಡನ್, ಅಂದರೆ ಮುಟ್ಟಿ, ಮೂಸಿ, ನೋಡಿ, ಕೇಳಿ ಅನುಭವಿಸುವ ತೋಟ, ಮಾಡಬೇಕು ಅಂತಿದ್ದೇವೆ. ಘಮಘಮ ಅನ್ನುವ, ಬಣ್ಣಬಣ್ಣದ ಗಿಡಗಳ ಪಟ್ಟಿ ಕೊಡಿ. ಗಾಳಿಗಂಟೆ, ಕಾರಂಜಿ ಕೊಡಿಸಲು ದಾನಿಗಳು ಒಪ್ಪಿದ್ದಾರೆ.

ಉತ್ತರ: ಈ ಪ್ರಶ್ನೆ ತಿಂಗಳಿಗೆ ಎರಡು ಸಲವಾದರೂ ಬರುತ್ತದೆ. ಊರು ಬೇರೆ, ಗುಂಟೆ ಲೆಕ್ಕ ಬೇರೆ, ಉಳಿದದ್ದೆಲ್ಲ ಒಂದೇ. ಗಿಡಗಳ ಹೆಸರು ಖಂಡಿತ ಹೇಳುತ್ತೇನೆ. ಆದರೆ ಮೊದಲು ಈ ಪ್ರಶ್ನೆಯೊಳಗೇ ಬೇರು ಬಿಟ್ಟಿರುವ ಒಂದು ತಪ್ಪು ತಿಳಿವಳಿಕೆಯನ್ನು ಕಿತ್ತು ಹಾಕಬೇಕು. ವಾಸನೆ, ಬಣ್ಣ, ಸದ್ದು ಜಾಸ್ತಿ ಇದ್ದಷ್ಟೂ ಮಕ್ಕಳಿಗೆ ಒಳ್ಳೆಯದು ಅಂತ ಎಲ್ಲರೂ ನಂಬಿದ್ದಾರೆ. ಇದು ತಪ್ಪು. ಎಷ್ಟು ಸಲ ಹೇಳಿದರೂ ಹೋಗುತ್ತಿಲ್ಲ. ಹಾಗಾಗಿ ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಈ ನಂಬಿಕೆಗೆ ಒಂದು ಕಾರಣ ಇದೆ. ಮೊದಲು ಇಂಥ ತೋಟಗಳು ಹೆಚ್ಚಾಗಿ ಬಂದದ್ದು ಕಣ್ಣು ಕಾಣದವರಿಗಾಗಿ. ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ 1955ರಲ್ಲಿ ಮಾಡಿದ ಪರಿಮಳದ ತೋಟ ಅಂಥದ್ದು. ಕಣ್ಣು ಕಾಣದವರಿಗೆ ಗಾಢ ಪರಿಮಳ ಗುರುತಾಗಿ ಕೆಲಸ ಮಾಡುತ್ತದೆ. ಮಲ್ಲಿಗೆ ವಾಸನೆ ಬಂತು ಅಂದರೆ ಬೆಂಚು ಹತ್ತಿರ ಬಂತು ಅಂತ ಲೆಕ್ಕ. ಅದೇ ಮಾದರಿಯನ್ನು ಎತ್ತಿ ತಂದು ನಮ್ಮ ಮಕ್ಕಳ ಮುಂದೆ ಇಟ್ಟರೆ ಆಗುವುದಿಲ್ಲ.

ನಿಮ್ಮ ಶಾಲೆಯ ಮಕ್ಕಳನ್ನೇ ನೆನಪಿಸಿಕೊಳ್ಳಿ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವ ಮಗು ಇರುತ್ತದೆ, ಅಲ್ವಾ? ಮಂಡಿ ತರಚಿ ರಕ್ತ ಬಂದರೂ ಅಳದ ಮಗುವೂ ಇರುತ್ತದೆ. ಒಬ್ಬರಿಗೆ ಸಣ್ಣ ಸದ್ದೂ ಜಾಸ್ತಿ, ಇನ್ನೊಬ್ಬರಿಗೆ ದೊಡ್ಡ ಪೆಟ್ಟೂ ಕಡಿಮೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಆಟಿಸಂ ಕೂಡ ಇರುತ್ತದೆ, ಅಂದರೆ ಮಾತು, ಒಡನಾಟ, ವರ್ತನೆ ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ. ಅದನ್ನು ಗುರುತಿಸುವ ಲಕ್ಷಣಗಳಲ್ಲಿ ಇದನ್ನೂ ಒಂದಾಗಿ ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲಿ ಸೇರಿಸಿತು. ಅದೇ ಮಗು ನಿದ್ದೆ ಕೆಟ್ಟ ದಿನ ಒಂದು ಥರ, ಹೊಟ್ಟೆ ತುಂಬಿದ ದಿನ ಇನ್ನೊಂದು ಥರ. ಕಣ್ಣನ್ನು ಮುಚ್ಚಬಹುದು, ಕಿವಿಗೆ ಕೈ ಅಡ್ಡ ಇಡಬಹುದು. ಉಸಿರಾಡುತ್ತಾ ಮೂಗು ಮುಚ್ಚಲು ಆಗುತ್ತದೆಯೇ? ಗೇಟಿನ ಪಕ್ಕದಲ್ಲೇ ಸಂಪಿಗೆ, ಸುಗಂಧರಾಜ ಒಟ್ಟಿಗೆ ನೆಟ್ಟರೆ ಕೆಲವು ಮಕ್ಕಳು ಗೇಟೇ ದಾಟುವುದಿಲ್ಲ.

ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಶಾಲೆಯಲ್ಲಿ ಗೇಟಿನ ಕಮಾನಿಗೆ ಐದು ಗಾಳಿಗಂಟೆ ಕಟ್ಟಿದ್ದರು. ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಮೂರು ವಾರ ಆ ಗೇಟಿನ ಹೊರಗೇ ನಿಂತ. ಹಠಮಾರಿ ಅಂತ ಡೈರಿಯಲ್ಲಿ ಬರೆದರು. ಗಂಟೆ ಬಿಚ್ಚಿಸಿ ನೋಡೋಣ ಅಂದೆ. ಮರುದಿನ ಅವನು ಒಳಗೆ ಬಂದ, ಮೊದಲನೇ ಕುಂಡದವರೆಗೆ. ಅದು ದೊಡ್ಡಪತ್ರೆ. ಒಂದು ಎಲೆಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದ. ಕೀಳಲಿಲ್ಲ. ಎಲೆಯ ಮೇಲಿನ ಸಣ್ಣ ರೋಮವನ್ನು ಒಂದು ದಿಕ್ಕಿಗೆ ಸವರಿದ, ಮತ್ತೆ ಅದರ ಎದುರು ದಿಕ್ಕಿಗೆ. ಆಮೇಲೆ ಬೆರಳು ಮೂಸಿದ. ಅರ್ಧ ಗಂಟೆ ಅಲ್ಲೇ ಇದ್ದ.

ನೆದರ್ಲೆಂಡ್ಸ್‌ನ ಡೆ ಹಾರ್ಟೆನ್‌ಬರ್ಗ್ ಎಂಬ ಕೇಂದ್ರದಲ್ಲಿ 1970ರ ದಶಕದಲ್ಲಿ ಬೌದ್ಧಿಕ ವಿಕಲಚೇತನರಿಗಾಗಿ ಸೆನ್ಸರಿ ಕೋಣೆ ಮಾಡಿದರು. ಅದಕ್ಕೆ ಅವರಿಟ್ಟ ಹೆಸರು ಸ್ನೂಜಲೆನ್. ಎರಡು ಡಚ್ ಪದ ಕೂಡಿಸಿ ಕಟ್ಟಿದ್ದು: ಒಂದಕ್ಕೆ ಮೂಸಿ ನೋಡು ಅಂತ ಅರ್ಥ, ಇನ್ನೊಂದಕ್ಕೆ ತೂಕಡಿಸು ಅಂತ. ಹೆಸರಿನಲ್ಲೇ ಅರ್ಧ ಪಾಲು ವಿಶ್ರಾಂತಿಗೆ ಮೀಸಲು. ಆ ಅರ್ಧವನ್ನು ಯಾಕೆ ಎಲ್ಲರೂ ಮರೆಯುತ್ತಾರೋ!

ಈಗ ಗಿಡಗಳಿಗೆ ಬರೋಣ. ನನ್ನ ನಿಯಮ ಒಂದೇ. ಮುಟ್ಟಿದಾಗ ಮಾತ್ರ ಪರಿಮಳ ಕೊಡುವ ಗಿಡ ಆರಿಸಿ. ದೊಡ್ಡಪತ್ರೆ, ಪುದೀನ, ತುಳಸಿ, ಮರುಗ, ಕರಿಬೇವು. ಇವುಗಳ ವಾಸನೆ ಎಷ್ಟು ಬೇಕು, ಯಾವಾಗ ಬೇಕು ಅಂತ ಮಗುವೇ ತೀರ್ಮಾನಿಸುತ್ತದೆ. ಮಜ್ಜಿಗೆ ಹುಲ್ಲೂ ಒಳ್ಳೆಯದೇ, ಆದರೆ ಅದರ ಅಂಚು ಕೈ ಕೊಯ್ಯುತ್ತದೆ, ದಾರಿಯಿಂದ ದೂರ ಇಡಿ. ಮೃದುವಾಗಿ ಸವರಲು ಕೋಳಿಜುಟ್ಟಿನ ಹೂವಿಗೆ ಸಮ ಇಲ್ಲ. ಒಂದು ಮೂಲೆಗೆ ಒಂದೇ ಜಾತಿ, ನಡುವೆ ಖಾಲಿ ಜಾಗ ಬಿಡಿ. ಗಾಳಿಗಂಟೆ ಬೇಕೇ ಬೇಕೆಂದರೆ ಗಾಳಿಗೆ ಕಟ್ಟಬೇಡಿ. ಗಾಳಿ ಬೀಸದ ಗೋಡೆ ಮರೆಯಲ್ಲಿ ಹಗ್ಗ ಎಳೆದರೆ ಮಾತ್ರ ಬಾರಿಸುವ ಹಾಗೆ ಮಾಡಿ. ಕಾರಂಜಿಯ ಪಂಪು ಸುಮ್ನೆ ಗುರುಗುಡುತ್ತದೆ. ಅದರ ಬದಲು ಗೇಣುದ್ದ ಆಳದ ಕಲ್ಲುಬಾನಿಯಲ್ಲಿ ನೀರಿಟ್ಟು ದಿನಾ ಬದಲಿಸಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಯಾವುದು ಬೇಡ ಅನ್ನುವುದು ಇನ್ನೂ ಮುಖ್ಯ. ತಿನ್ನಬಾರದ್ದನ್ನು ಬಾಯಿಗೆ ಹಾಕುವ ಅಭ್ಯಾಸ ನಮ್ಮ ಕೆಲವು ಮಕ್ಕಳಿಗೆ, ದೊಡ್ಡವರಿಗೂ ಇರುತ್ತದೆ. ಕೆಂಪು, ಹಳದಿ ಎರಡೂ ಕಣಗಿಲೆ ವಿಷ. ದತ್ತೂರ, ಹರಳು, ಗುಲಗಂಜಿ, ಕಚೇರಿಗಳಲ್ಲಿ ಕುಂಡದಲ್ಲಿಡುವ ಡಂಬ್ ಕೇನ್, ಯಾವುದೂ ಬೇಡ. ದೇವರ ಪೂಜೆಗೆ ಆಗುತ್ತದೆ ಅಂತ ಕಣಗಿಲೆ ಉಳಿಸಿಕೊಳ್ಳುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕೀಟನಾಶಕವನ್ನೂ ಹೊಡೆಯಬೇಡಿ.

ದಾರಿಯ ವಿಷಯ ಬೇಗ ಹೇಳಿಬಿಡುತ್ತೇನೆ. ಇಳಿಜಾರು ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಇರಲಿ. ಗಾಲಿಕುರ್ಚಿ ತಿರುಗಲು ಐದು ಅಡಿ ಜಾಗ ಬೇಕು. ಜಲ್ಲಿ ಹಾಕಬೇಡಿ. ದಾರಿ ಸುತ್ತಿಕೊಂಡು ಮತ್ತೆ ಗೇಟಿಗೇ ಬರಲಿ, ಆಗ ಯಾರೂ ದಿಕ್ಕು ತಪ್ಪುವುದಿಲ್ಲ. ಬೋರ್ಡಿನಲ್ಲಿ ಅಕ್ಷರದ ಬದಲು ಆ ಗಿಡದ್ದೇ ಫೋಟೋ ಇರಲಿ. ನೆರಳಲ್ಲಿ, ಬೆನ್ನ ಹಿಂದೆ ಗೋಡೆ ಇರುವ ಒಂದು ಬೆಂಚು ಹಾಕಿ, ಅದರ ಸುತ್ತ ಏನೂ ನೆಡಬೇಡಿ.

ಅಂದಹಾಗೆ, ಇಂಗ್ಲೆಂಡಿನ ಲೇಖನ ಓದುವಾಗ ಒಂದು ಎಚ್ಚರ. ಅಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದರೆ ಬೌದ್ಧಿಕ ವಿಕಲತೆ. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆ ಅಂದರೆ ಡಿಸ್ಲೆಕ್ಸಿಯಾದಂಥ, ಓದು ಬರಹದ ತೊಡಕು. ಎರಡನ್ನೂ ಕಲಸಬೇಡಿ.

ಇನ್ನು ನೀವು ಕೇಳದ ಒಂದು ವಿಷಯ: ಉದ್ಘಾಟನೆ. ಶಾಮಿಯಾನ, ಮೈಕ್ ಸೆಟ್ಟು, ಡೊಳ್ಳು, ಇನ್ನೂರು ಜನ. ಮೊದಲ ದಿನವೇ ಮಕ್ಕಳ ಮನಸ್ಸಿನಲ್ಲಿ ಆ ಜಾಗ ಗದ್ದಲದ ಜಾಗ ಅಂತ ಕೂತುಬಿಟ್ಟರೆ ಬಿಡಿಸುವುದು ಬಹಳ ಕಷ್ಟ. ಹಾಗಾಗಿ ಉದ್ಘಾಟನೆಗೆ ಎರಡು ವಾರ ಮೊದಲೇ ಸದ್ದಿಲ್ಲದೆ ಗೇಟು ತೆಗೆಯಿರಿ. ಹಿಂದಿನ ದಿನ ತೋಟದ ಫೋಟೋ ತೋರಿಸಿ. ಒಂದು ಸಲಕ್ಕೆ ಮೂವರು, ಜೊತೆಗೆ ಪರಿಚಯದ ಟೀಚರ್, ದಿನಾ ಒಂದೇ ಹೊತ್ತು. ಅತಿಥಿಗಳು ಆಮೇಲೆ ಬರಲಿ, ಮೈಕ್ ಇಲ್ಲದೆ, ತೋಟ ತೋರಿಸುವ ಕೆಲಸ ಮಕ್ಕಳದ್ದೇ ಆಗಲಿ. ಹದಿನೆಂಟು ದಾಟಿ ಶಾಲೆ ಬಿಟ್ಟು ಮನೆಯಲ್ಲೇ ಕೂತವರನ್ನೂ ಕರೆಯಿರಿ. ವಾರಕ್ಕೆ ಎರಡು ಸಂಜೆ ಅವರಿಗೇ ಕೊಡಿ, ನೀರು ಹಾಕುವ ಕೆಲಸದ ಜೊತೆಗೆ.

ಆ ಹುಡುಗನೂ ಈಗ ನೀರು ಹಾಕುತ್ತಾನೆ. ದೊಡ್ಡಪತ್ರೆಗೆ ನೀರು ಜಾಸ್ತಿಯಾದರೆ ಬುಡ ಕೊಳೆಯುತ್ತದೆ, ಹಾಗಾಗಿ ಚೊಂಬಿನ ಒಳಗೆ ಅರ್ಧಕ್ಕೆ ಕೆಂಪು ಗೆರೆ ಎಳೆದುಕೊಟ್ಟಿದ್ದಾರೆ. ಗೆರೆ ದಾಟಿದರೆ ಅವನೇ ಚೆಲ್ಲಿ ಮತ್ತೆ ತುಂಬಿಸುತ್ತಾನೆ. ಹೋದ ಸಲ ನಾನು ಹೋದಾಗ ಒಂದು ಎಲೆ ಕಿತ್ತು ನನ್ನ ಅಂಗೈಯಲ್ಲಿಟ್ಟ.

ದೊಡ್ಡಪತ್ರೆಗೆ ನರ್ಸರಿಯಲ್ಲಿ ದುಡ್ಡು ಕೊಡಬೇಡಿ. ಪಕ್ಕದ ಮನೆಯಿಂದ ಒಂದು ಗೇಣು ಕಡ್ಡಿ ಮುರಿದು ತಂದು ನೆಟ್ಟರೆ ಸಾಕು, ಚಿಗುರುತ್ತದೆ.