ಕಪ್ಪಾದ ಹಳೆಯ ತೈಲಚಿತ್ರವನ್ನು ಮನೆಯಲ್ಲೇ ಒರೆಸಬಹುದೇ?

ಪ್ರಶ್ನೆ: ನಮ್ಮ ಪಡಸಾಲೆಯಲ್ಲಿ ಮುತ್ತಜ್ಜನ ಭಾವಚಿತ್ರವಿದೆ. ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆಸಿದ್ದು. ಈಗ ಮುಖವೇ ಕಾಣದಷ್ಟು ಕಪ್ಪಾಗಿದೆ. ಹೆಚ್ಚಿದ ಆಲೂಗಡ್ಡೆಯಿಂದ ಉಜ್ಜಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ದಯವಿಟ್ಟು ಉಜ್ಜಬೇಡಿ. ಆಲೂಗಡ್ಡೆಯ ರಸಕ್ಕೆ ಮೇಲಿನ ಕೊಳೆ ಒಂದಿಷ್ಟು ಬಿಡುವುದುಂಟು. ಆದರೆ ಅದರ ಪಿಷ್ಟವು ಬಿರುಕುಗಳಲ್ಲಿ ಉಳಿದು ಮಳೆಗಾಲದಲ್ಲಿ ಬೂಷ್ಟಿಗೆ ಆಹಾರವಾಗುತ್ತದೆ. ನೀರಿನ ಅಪಾಯ ಇನ್ನೂ ದೊಡ್ಡದು. ಬಣ್ಣ ಹಚ್ಚುವ ಮೊದಲು ಬಟ್ಟೆಗೆ ಸಾಮಾನ್ಯವಾಗಿ ಪ್ರಾಣಿಗಳ ಚರ್ಮದಿಂದ ತೆಗೆದ ಅಂಟನ್ನು ಬಳಿದಿರುತ್ತಾರೆ. ಬಿರುಕಿನಿಂದ ಇಳಿದ ತೇವಕ್ಕೆ ಆ ಅಂಟು ಉಬ್ಬಿ, ಬಟ್ಟೆ ಕುಗ್ಗಿ, ಬಣ್ಣ ಹಕ್ಕಳೆಯೆದ್ದು ಉದುರುತ್ತದೆ.

ಚಿತ್ರ ಕಪ್ಪಾಯಿತೆಂದರೆ ಬಣ್ಣವೇ ಕೆಟ್ಟಿತೆಂದು ಅರ್ಥವಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ಹಳದಿಗಟ್ಟಿ ಕಂದಾಗುವುದು ಬಣ್ಣದ ಮೇಲೆ ಬಳಿದ, ರಾಳದಿಂದ ಮಾಡಿದ ವಾರ್ನಿಷ್. ದೀಪದ ಹೊಗೆ, ಧೂಳು ಅದರ ಮೇಲೆ ಕೂರುತ್ತವೆ. ಡಚ್ ಚಿತ್ರಕಾರ ರೆಂಬ್ರಾಂಟ್ 1642ರಲ್ಲಿ ಮುಗಿಸಿದ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿರುವ ಹೆಸರಾಂತ ಚಿತ್ರಕ್ಕೆ ‘ನೈಟ್ ವಾಚ್’ (ರಾತ್ರಿ ಕಾವಲು) ಎಂಬ ಹೆಸರು ಅಂಟಿಕೊಂಡದ್ದು ಈ ಕಪ್ಪಿನಿಂದಲೇ. ಎರಡನೆಯ ಮಹಾಯುದ್ಧದ ನಂತರ ಹಳೆಯ ವಾರ್ನಿಷ್ ತೆಗೆದಾಗ, ಅದರೊಳಗಿನದು ಹಗಲಿನ ದೃಶ್ಯವೆಂಬುದು ನಿಚ್ಚಳವಾಯಿತು.

ಆ ಪದರವನ್ನು ತೆಗೆಯುವ ಕೆಲಸ ಅತ್ಯಂತ ನಿಧಾನದ್ದು. ಹಳೆಯ ಕಲಾಕೃತಿಗಳನ್ನು ಸರಿಪಡಿಸುವ ಸಂರಕ್ಷಕರು ಮೊದಲು ನೇರಳಾತೀತ ಬೆಳಕಿನಲ್ಲಿ ಚಿತ್ರವನ್ನು ನೋಡುತ್ತಾರೆ: ಹಳೆಯ ರಾಳ ಹಸಿರಾಗಿ ಮಿನುಗಿದರೆ, ನಂತರ ಯಾರೋ ಹಚ್ಚಿದ ತೇಪೆಬಣ್ಣ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಬಳಿಕ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ದ್ರಾವಕದಲ್ಲಿ ಅದ್ದಿ, ಅಂಚಿನಲ್ಲಿ ಉಗುರಗಲದ ಜಾಗವನ್ನು ಆರಿಸಿಕೊಂಡು ಹತ್ತಿಯನ್ನು ಉಜ್ಜದೆ ಮೆಲ್ಲನೆ ಹೊರಳಿಸುತ್ತಾರೆ. ಹತ್ತಿಗೆ ಚಹಾದ ಬಣ್ಣ ಬಂದರೆ ಅದು ವಾರ್ನಿಷ್. ಕೆಂಪೋ ನೀಲಿಯೋ ಹತ್ತಿತೆಂದರೆ ಮೂಲ ಬಣ್ಣವೇ ಕರಗುತ್ತಿದೆ ಎಂದರ್ಥ, ಕೈ ಅಲ್ಲಿಗೇ ನಿಲ್ಲಬೇಕು. ಬಣ್ಣ ಉದುರಿದ ಕಡೆ ಮಾತ್ರ ಹೊಸ ಬಣ್ಣ ತುಂಬುತ್ತಾರೆ, ಅದೂ ಮುಂದೊಂದು ದಿನ ಮೂಲಕ್ಕೆ ಧಕ್ಕೆಯಾಗದಂತೆ ತೆಗೆಯಲು ಬರುವಂಥದ್ದನ್ನು. ಹೊಳಪಿಗೆಂದು ಅಗಸೆ ಎಣ್ಣೆ ಸವರುವ ಹಳೆಯ ರೂಢಿ ನನಗೆ ಬಹಳ ನೋವು ತರುವುದು ಇದೇ ಕಾರಣಕ್ಕೆ. ಒಣಗಿ ಕಪ್ಪಾದ ಆ ಎಣ್ಣೆಯನ್ನು ಬಣ್ಣಕ್ಕೆ ಪೆಟ್ಟಾಗದಂತೆ ಬಿಡಿಸುವುದು ಬಹಳ ಕಷ್ಟ.

ಈ ಕೆಲಸ ಬಲ್ಲವರು ನಮ್ಮಲ್ಲೂ ಇದ್ದಾರೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ, ಪರಂಪರೆಯ ರಕ್ಷಣೆಗೆ ದುಡಿಯುವ ಸಂಸ್ಥೆಯಾದ ಇಂಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರವಿದೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ.

ಅವರ ಕೈಗೆ ಒಪ್ಪಿಸುವವರೆಗೆ ಚಿತ್ರವನ್ನು ಬಿಸಿಲು ಬೀಳುವ, ಮಳೆನೀರು ಜಿನುಗುವ ಗೋಡೆಯಿಂದ ಇಳಿಸಿ. ಮತ್ತೆ ತೂಗುಹಾಕುವಾಗ ಚೌಕಟ್ಟಿನ ಹಿಂದೆ ಕೆಳಮೂಲೆಗಳಿಗೆ ಬಿರಡೆಯ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಬಣ್ಣ ಈಗಾಗಲೇ ಏಳುತ್ತಿದ್ದರೆ ಧೂಳನ್ನೂ ಒರೆಸದೆ, ಚಿತ್ರದ ಮುಖ ಮೇಲೆ ಮಾಡಿ ಮಲಗಿಸಿಡಿ. ಉದುರಿದ ಚೂರುಗಳನ್ನು ಗುಡಿಸಿ ಎಸೆಯದೆ, ಎಲ್ಲಿಂದ ಬಿದ್ದವೆಂದು ಬರೆದ ಲಕೋಟೆಯಲ್ಲಿ ಜೋಪಾನ ಮಾಡಿ, ಚಿತ್ರದ ಜೊತೆಗೇ ಸಂರಕ್ಷಕರಿಗೆ ಕೊಡಿ.